ಪೂಜೆಗಿಟ್ಟ ಅಚ್ಚು

ತಲ್ಲೂರು
26 ಅಕ್ಟೋಬರ್ 2025

ಪ್ರೀತಿಯ ಯೋಗೀಶಣ್ಣನಿಗೆ,

ಕ್ಷೇಮ ಕೇಳುವ ಮೊದಲು, ಒಂದು ವರ್ಷದಿಂದ ನಿನಗೆ ಹೇಳದೆ ಇಟ್ಟುಕೊಂಡದ್ದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆ ಸುದ್ದಿ ಈ ಸುದ್ದಿ ಬರೆದು ಕಾಗದ ತುಂಬಿಸಿಬಿಡುತ್ತೇನೆ. ಸುಧಾಕರ ಮಾವನ ಆಟದ ರೈಲಿನ ಚಕ್ರದ ಅಚ್ಚನ್ನು, ಬ್ರಹ್ಮಾವರದಲ್ಲಿ ನಮ್ಮ ಹಾಗೇ ಆಟದ ರೈಲು ಮಾಡುವ ನಿತೇಶಣ್ಣ ಕಣ್ಣಾರೆ ನೋಡಿದ್ದಾರೆ. ನಮ್ಮ ವರ್ಕ್‌ಶಾಪಿನಲ್ಲೇ, ನನ್ನ ಎದುರಿಗೇ ನೋಡಿದ್ದು. ನೀನಾಗ ಇಲ್ಲಿ ಇರಲಿಲ್ಲ.

ಈಗ ಕೇಳುತ್ತೇನೆ, ಹೇಗಿದ್ದೀಯ? ಹೋಟೆಲಿನ ಅಡುಗೆಮನೆಯ ಹೊಗೆಗೆ ನಿನ್ನ ಹಳೆಯ ಕೆಮ್ಮು ಮತ್ತೆ ಶುರುವಾಗಿದೆ ಎಂದು ದೀಪಾವಳಿಗೆ ಊರಿಗೆ ಬಂದಿದ್ದ, ನಿನ್ನ ಜೊತೆ ಕೆಲಸ ಮಾಡುವ ಚಂದಯ್ಯ ಹೇಳಿದರು. ನಿನ್ನ ಫೋನ್ ನಂಬರ್ ಬದಲಾದ ಮೇಲೆ ನಮಗೆ ನಿನ್ನ ಸುದ್ದಿ ಎಂದರೆ ಅವರೇ. ಈ ಕಾಗದವನ್ನೂ ಅವರ ಕೈಯಲ್ಲೇ ಮುಂಬೈಗೆ ಕಳಿಸುತ್ತಿದ್ದೇನೆ. ಅಮ್ಮ ಬೈಂದೂರಿನಲ್ಲಿ ಶಾಲೆಯ ಬಿಸಿಯೂಟ ಮಾಡಿಕೊಂಡು ಇದ್ದಾಳೆ, ಮಂಡಿನೋವು ಬಿಟ್ಟರೆ ಆರಾಮ. ನೀನು ರಾತ್ರಿ ಅನ್ನ ಉಣ್ಣುತ್ತೀಯೋ, ಬರೀ ಪಾವ್ ತಿಂದು ಮಲಗುತ್ತೀಯೋ ಎಂದು ಚಂದಯ್ಯನನ್ನು ಎರಡೆರಡು ಸಲ ಕೇಳಿದಳು. ಅವರು ಅನ್ನವೇ ಎಂದರು. ಅವಳು ನಂಬಲಿಲ್ಲ.

ಆಯುಧಪೂಜೆಯ ಕಥೆಗೆ ಬರುತ್ತೇನೆ. ಆ ಅಚ್ಚು ಎಂಥದ್ದೆಂದು ನಿನಗಿಂತ ಚೆನ್ನಾಗಿ ತಿಳಿದವರು ಯಾರಿದ್ದಾರೆ? ಉಳಿದವರ ಆಟದ ರೈಲುಗಳೆಲ್ಲ ತಿರುವಿನಲ್ಲಿ ಹಳಿ ತಪ್ಪುತ್ತಿದ್ದ ಕಾಲದಲ್ಲಿ ಮಾವ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಆ ಹಿತ್ತಾಳೆಯ ಅಚ್ಚು ಮಾಡಿದರು. ಅದರಲ್ಲಿಟ್ಟು ಒತ್ತಿದರೆ ಪುಟ್ಟ ಸರಳಿನ ಎರಡು ತುದಿಗೆ ಎರಡು ಚಕ್ರ ಕೂದಲೆಳೆಯಷ್ಟೂ ಓರೆಯಾಗದೆ ಕೂರುತ್ತವೆ. ಯೋಚಿಸಿ ಮಾಡುವುದು ಕಷ್ಟ. ಆದರೆ ಕೆಲಸ ಬಲ್ಲವನು ಒಮ್ಮೆ ಬಗ್ಗಿ ನೋಡಿದರೆ ಸಾಕು, ಮನೆಗೆ ಹೋಗಿ ತಾನೂ ಮಾಡಿಕೊಳ್ಳಬಹುದು. ಅದಕ್ಕೇ ಅಲ್ಲವೇ ಮಾವ ಅದನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಸ್ನಾನಕ್ಕೂ ಹೋಗುತ್ತಿದ್ದದ್ದು.

ಕಳೆದ ವರ್ಷ ನವರಾತ್ರಿಗೆ ಸ್ವಲ್ಪ ಮುಂಚೆ ನೀನು ಮಾವನ ಜೊತೆ ಜಗಳ ಮಾಡಿ, ಇಲ್ಲಿಯ ಕೆಲಸ ಬಿಟ್ಟು ನಿತೇಶಣ್ಣನ ಹತ್ತಿರ ಸೇರಿದೆ. ಆ ಸಿಟ್ಟು ಮಾವನಿಗೆ ಇತ್ತು. ಆದರೂ ಪೂಜೆಗೆ ಮಾವ ಬ್ರಹ್ಮಾವರಕ್ಕೆ ಹೋಗುವುದು, ನಿತೇಶಣ್ಣ ಇಲ್ಲಿಗೆ ಬರುವುದು ನಡೆದುಬಂದ ಕ್ರಮ, ಅದನ್ನು ತಪ್ಪಿಸಲಿಲ್ಲ. ಬೆಳಿಗ್ಗೆ ನಾನು ಡ್ರಿಲ್ಲು, ಅರ, ಇಕ್ಕಳ ಎಲ್ಲ ತೊಳೆದು ಒರೆಸಿ ಬಾಳೆಲೆಯ ಮೇಲೆ ಜೋಡಿಸುತ್ತಿದ್ದೆ. ಮಾವ ಬೀರು ತೆಗೆದು ಅಚ್ಚನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಗೋಡೆಯ ಕಡೆ, ಹಿಂದಿನ ಸಾಲಿನಲ್ಲಿ ಇಡಲು ಹೋದೆ. ಅವರು ತಡೆದರು. “ಎದುರಿಗೇ ಇಡ್ ಮಾರಾಯ. ಅನ್ನ ಕೊಡುದ್ ಅದ್. ಹಿಂದ್ ಅಡ್ಗ್ಸಿ ಇಟ್ರೆ ದೇವ್ರಿಗ್ ಎಂತ ಕಾಣತ್ತ್?” ಎಂದರು. ನಾನು ಎದುರಿಗೇ ಇಟ್ಟೆ. ಅವರೇ ಅದಕ್ಕೆ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿದರು.

ಮಧ್ಯಾಹ್ನ ನಿತೇಶಣ್ಣ ಹೆಂಡತಿಯನ್ನು ಕರೆದುಕೊಂಡು ಬಂದರು. ಅವಲಕ್ಕಿ ಪಂಚಕಜ್ಜಾಯ ತಿಂದರು, ನಿನ್ನ ಸುದ್ದಿ ಯಾರೂ ಎತ್ತಲಿಲ್ಲ. ಹೊರಡುವ ಮೊದಲು ಅವರು ಆಯುಧಗಳ ಎದುರು ಕುಕ್ಕರಗಾಲಿನಲ್ಲಿ ಕೂತು, ಅಚ್ಚನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ಕೈ ಮುಗಿಯುತ್ತಿದ್ದರೋ, ಮನಸ್ಸಿನಲ್ಲೇ ಅಳತೆ ತೆಗೆಯುತ್ತಿದ್ದರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ.

ಮುಂದಿನದು ನಿನಗೆ ಗೊತ್ತು. ಶಿವರಾತ್ರಿಯ ಹೊತ್ತಿಗೆ ಬ್ರಹ್ಮಾವರದ ರೈಲುಗಳೂ ತಿರುವಿನಲ್ಲಿ ಬೀಳದೆ ಓಡಿದವು. ಗುಟ್ಟು ಹೊತ್ತುಕೊಂಡು ಹೋದವನು ಯೋಗೀಶನೇ ಎಂದು ಮಾವ ನಿತೇಶಣ್ಣನ ಜೊತೆಗೆ ನಿನ್ನ ಹೆಸರನ್ನೂ ಸೇರಿಸಿ ಕೇಸು ಹಾಕಿದರು. ನೋಟಿಸು ಬಂದ ವಾರವೇ ನೀನು ಮುಂಬೈಗೆ ಹೋದೆ. ಓಡಿಹೋದದ್ದೇ ಸಾಕ್ಷಿ ಎಂದು ಊರು ಆಡಿಕೊಂಡಿತು. ನಾನು ಬಾಯಿಬಿಡಲಿಲ್ಲ. ಮಾವನ ಮನೆಯ ಅನ್ನ ಉಣ್ಣುತ್ತಿದ್ದೆ, ಅದಕ್ಕೇ ಇರಬೇಕು. ಬೇರೆ ಕಾರಣ ಹುಡುಕಿದರೂ ನನಗೆ ಸಿಗುವುದಿಲ್ಲ.

ಈಗ ವಕೀಲರು ಒಂದು ಅಫಿಡವಿಟ್ ತಯಾರು ಮಾಡಿದ್ದಾರೆ. ಅಚ್ಚು ಯಾವತ್ತೂ ಬೀರುವಿನಲ್ಲೇ ಇತ್ತು, ಹೊರಗಿನವರು ಯಾರೂ ಅದನ್ನು ನೋಡಿಲ್ಲ ಎಂದು ನಾನು ಸಹಿ ಹಾಕಬೇಕು. ಗುಟ್ಟನ್ನು ಗುಟ್ಟಾಗಿ ಕಾಪಾಡಿದವನಿಗೆ ಮಾತ್ರ ಕೋರ್ಟು ಅದನ್ನು ಗುಟ್ಟು ಎಂದು ಒಪ್ಪುತ್ತದಂತೆ. ಸಹಿ ಹಾಕಿದರೆ ಮಾವ ನಿನ್ನ ಹೆಸರನ್ನು ಕೇಸಿನಿಂದ ತೆಗೆಸುತ್ತಾರೆ. ಅಮ್ಮನ ಎದುರಿಗೇ ಮಾತು ಕೊಟ್ಟಿದ್ದಾರೆ. ಅವರು ಮಾತಿಗೆ ತಪ್ಪುವವರಲ್ಲ ಎಂದು ನಿನಗೂ ಗೊತ್ತು. ನಾನು ಪೂಜೆಯ ದಿನವನ್ನು ಅವರಿಗೆ ನೆನಪಿಸಿದೆ. ಅವರು, “ಪೂಜಿಗ್ ಇಟ್ಟದ್ದ್ ಜನ್ರಿಗ್ ತೋರ್ಸಿದಂಗ್ ಆತ್ತಾ? ಕೈ ಮುಗುಕ್ ಬಂದವ್ರ್ ಕದುಕ್ ಬತ್ರಾ?” ಎಂದು ಕೇಳಿದರು. ಅಣ್ಣಾ, ಅವರು ನಾಟಕ ಮಾಡುತ್ತಿರಲಿಲ್ಲ. ದೇವರ ಎದುರು ಇಟ್ಟದ್ದು ಅವರ ಲೆಕ್ಕದಲ್ಲಿ ಬೀಗ ಹಾಕಿ ಇಟ್ಟ ಹಾಗೆಯೇ.

ನಿತೇಶಣ್ಣನೂ ಸುಮ್ಮನಿಲ್ಲ. ಮೊನ್ನೆ ಕೋಟೇಶ್ವರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಾರು ನಿಲ್ಲಿಸಿ, “ಹ್ವಾಯ್ ಅಜಿತಾ, ನಿನ್ ಮಾವ ಕರ್ದ್ ತೋರ್ಸಿದ್ದ್ ಅಂತ್ ಒಂದ್ ಮಾತ್ ಹೇಳ್, ಸಾಕ್” ಎಂದರು. ಕರೆದದ್ದು ಪೂಜೆಗೆ ಎಂದೆ. ಕಾರಿನ ಗಾಜು ಮೇಲೆ ಹೋಯಿತು.

ಅಮ್ಮ ಮಾತ್ರ ಅಳುತ್ತಾಳೆ. ಒಂದು ಕಡೆ ಒಡಹುಟ್ಟಿದವನು, ಇನ್ನೊಂದು ಕಡೆ ಹೆತ್ತ ಮಗ, ಒಂದು ಸಹಿಯಿಂದ ಇಬ್ಬರೂ ಉಳಿಯುತ್ತಾರೆ ಎಂಬುದು ಅವಳ ಲೆಕ್ಕ. “ನಿಂಗೆ ನಿನ್ ಸತ್ಯವೇ ದೊಡ್ದಾ? ಅಣ್ಣಂಗ್ ಎಂತ ಆದ್ರೂ ಅಡ್ಡಿಲ್ಯಾ?” ಎಂದಳು. ಕಾಲೇಜಿನಲ್ಲಿ ನಾನು ಮಾಡದ ತಪ್ಪಿಗೆ ಕ್ಷಮಾಪಣೆ ಬರೆದುಕೊಡು ಎಂದಾಗ ಬರೆಯದೆ ಓದೇ ಬಿಟ್ಟುಬಂದೆನಲ್ಲ, ಅವತ್ತು ನೀನೂ ಹಾಗೇ ಕೇಳಿದ್ದೆ: “ಒಂದ್ ಸಾಲ್ ಬರ್ದ್ ಕೊಟ್ರೆ ನಿನ್ ಗಂಟ್ ಎಂತ ಹೋತಿತ್?” ಅವತ್ತು ಹೋದದ್ದು ನನ್ನ ಗಂಟು ಮಾತ್ರ. ಈ ಸಲ ಹೋಗುವುದು ನಿನ್ನದು. ಅದಕ್ಕೇ ಮೂರು ದಿನದಿಂದ ತಲ್ಲೂರಿನಿಂದ ಕುಂದಾಪುರದವರೆಗೆ ಸುಮ್ಮನೆ ನಡೆದು ವಾಪಸು ಬರುತ್ತೇನೆ.

ಇನ್ನೊಂದು ಮಾತು, ಸಿಟ್ಟಾಗಬೇಡ. ಪೂಜೆಯ ದಿನ ಕಂಡದ್ದನ್ನು ಹೇಳಿದರೂ ನೀನು ಗುಟ್ಟು ಬಿಟ್ಟುಕೊಟ್ಟಿಲ್ಲ ಎಂದು ಅದರಿಂದ ಸಾಬೀತಾಗುವುದಿಲ್ಲ. ಕೊಟ್ಟಿಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಅದು ನಾನು ಕಂಡದ್ದಲ್ಲ.

ಕೆಮ್ಮಿಗೆ ಬೆಚ್ಚಗಿನ ನೀರು ಕುಡಿ, ಅಡುಗೆಮನೆಯ ಬಾಗಿಲ ಹತ್ತಿರದ ಕೆಲಸ ಕೇಳಿ ತಗೋ. ಅಮ್ಮ ಮೂಕಾಂಬಿಕೆಗೆ ಹೇಳಿಕೊಂಡಿದ್ದಾಳೆ, ಕೊಲ್ಲೂರಿನ ಕುಂಕುಮ ಇದರೊಳಗೆ ಇದೆ. ಅವಳ ಆಶೀರ್ವಾದ, ನನ್ನ ನಮಸ್ಕಾರ.

ನಿನ್ನ ತಮ್ಮ,
ಅಜಿತ್

ವಿ.ಸೂ.: ಕಾಗದ ಮಡಚಿದ ಮೇಲೆ ಮಾವ ಕರೆದರು, ವಕೀಲರೂ ಬಂದಿದ್ದರು. ನಾನು ಸಹಿ ಹಾಕಲಿಲ್ಲ. ಯಾರು ಕೇಳಿದರೂ ಕಂಡಷ್ಟನ್ನೇ ಹೇಳುತ್ತೇನೆ ಎಂದೆ. ಹಾಗಾಗಿ ನಿನ್ನ ಹೆಸರು ಕೇಸಿನಲ್ಲಿ ಉಳಿಯುತ್ತದೆ, ಅದು ನನ್ನಿಂದ. ಮಾವ ಬೈಯಲಿಲ್ಲ. “ಚಕ್ರ ಕೂರ್ಸುಕ್ ನಿಂಗ್ ಕಲ್ಸಿದ್ದ್ ನಾನ್” ಎಂದಷ್ಟೇ ಹೇಳಿ ಒಳಗೆ ಹೋದರು. ಅಮ್ಮನಿಗೆ ಫೋನ್ ಮಾಡಿದೆ, ಸದ್ಯ ಬೈಂದೂರಿಗೆ ಬರಬೇಡ ಎಂದಳು. ನೀನು ಗುಟ್ಟು ಕೊಟ್ಟಿಲ್ಲವಾದರೆ ಬಂದು ಕೋರ್ಟಿನಲ್ಲಿ ಹೇಳು. ಕೊಟ್ಟಿದ್ದರೂ ಬಂದು ಹೇಳು. ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿಯವರೊಬ್ಬರು ಕೆಲಸಕ್ಕೆ ಬಾ ಎಂದಿದ್ದಾರೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.