ಎರಡನೆಯ ಗುಂಡು

ನುಶಗಾಕ್ ನದಿದಂಡೆ, ಅಲಾಸ್ಕಾ
ಆಗಸ್ಟ್ ೨೮

ಪ್ರೀತಿಯ ಎವೊನ್ ಅಣ್ಣಾ,

ನನ್ನ ಹಣೆಯ ಕಲೆ ದೋಣಿಯ ಕೊಕ್ಕೆ ತಗುಲಿ ಆದದ್ದಲ್ಲ. ಶಾಲೆ ಬಿಟ್ಟ ವರ್ಷ, ನೀನಿಲ್ಲದಾಗ ನಿನ್ನ ದೊಡ್ಡ ರಿವಾಲ್ವರ್ ಹಾರಿಸಿದ್ದೆ. ಅದು ಒದ್ದ ರಭಸಕ್ಕೆ ನಳಿಗೆ ಹಣೆಗೇ ಬಡಿಯಿತು. ನೀನೂ ಅದನ್ನು ಹಾರಿಸಿದಾಗಲೆಲ್ಲ ಊದಿದ ಮಣಿಕಟ್ಟನ್ನು ಜೇಬಿನಲ್ಲಿ ಬಚ್ಚಿಡುತ್ತಿದ್ದೆ, ನೋಡಿದ್ದೇನೆ. ಅದು ನಮ್ಮಿಬ್ಬರ ಕೈಗೂ ಬಗ್ಗುವಂಥದ್ದಲ್ಲ. ಇಬ್ಬರೂ ಬಾಯಿಬಿಡಲಿಲ್ಲ.

ಈಗ ಹೇಳು, ಆಸ್ಪತ್ರೆಯಲ್ಲಿ ತೋಳಿನ ಹೊಲಿಗೆ ಬಿಚ್ಚಿದರೇ? ಬೆರಳು ಮಡಿಸಲು ಬರುತ್ತಿದೆಯೇ? ಅಜ್ಜಿ ಒಣಮೀನು ಕಳಿಸಿದ್ದಾಳೆ. ವಾಸನೆಗೆ ನರ್ಸ್ ಬೈದರೆ ಅವಳಿಗೂ ಒಂದು ತುಂಡು ಕೊಡು.

ನನಗೆ ಮಾತ್ರ ನಿದ್ದೆಯಿಲ್ಲ. ಮೀನು ಹೆಚ್ಚುವಾಗ ರೈಫಲ್ ಯಾರ ಕೈಯಲ್ಲಿರುತ್ತದೆ? ಅವತ್ತು ಅವನು ನುಗ್ಗಿದಾಗ ನಿನ್ನದೂ ಕಂಬಕ್ಕೆ ಒರಗಿತ್ತು. ಸೊಂಟದಲ್ಲಿದ್ದದ್ದು ಆ ದೊಡ್ಡ ರಿವಾಲ್ವರ್ ಒಂದೇ. ಮೊದಲ ಗುಂಡು ಅವನ ಎಡಗಿವಿ ಹರಿದುಹಾಕಿತು. ಆಕಾಶಕ್ಕೆದ್ದ ನಳಿಗೆ ಎರಡನೆಯ ಗುಂಡಿಗೆ ಕೆಳಗಿಳಿಯುವಷ್ಟರಲ್ಲಿ ನಿನ್ನ ತೋಳು ಅವನ ಬಾಯಲ್ಲಿತ್ತು. ಆ ಹರಿದ ಕಿವಿಯವನು ಈಗಲೂ ನಮ್ಮ ಬಿಡಾರದ ಸುತ್ತ ತಿರುಗುತ್ತ, ನಮ್ಮದೇ ಮೀನು ತಿಂದು ಕೊಬ್ಬುತ್ತಿದ್ದಾನೆ. “ಅವನ ಹೆಸರೆತ್ತಬೇಡ ಕಣೇ, ಕೇಳಿಸ್ಕೊತಾನೆ” ಅನ್ನುತ್ತಾಳೆ ಅಜ್ಜಿ. ನಾನು ಬರೆದೇ ಬರೆಯುತ್ತೇನೆ: ಕರಡಿ. “ಬಿಟ್ಬಿಡೇ, ಅವನಿಗೂ ಹಸಿವು” ಅಂತ ನೀನು ಫೋನಿನಲ್ಲಿ ಅಂದೆ. ನೀನು ಬೇಕಾದರೆ ಕ್ಷಮಿಸು, ತೋಳು ನಿನ್ನದು. ದೋಣಿಯಿಂದ ನಿನ್ನ ರಕ್ತ ತೊಳೆದವಳು ನಾನು.

ಹೋದ ವಾರ ಇಪ್ಪತ್ತೊಂದು ತುಂಬಿತಲ್ಲ, ಅಂಗಡಿಯಲ್ಲಿ ರಿವಾಲ್ವರ್ ಕೊಳ್ಳುವ ವಯಸ್ಸು; ಮಾರನೆಯ ದಿನವೇ ಜಕಾರ್ ಮಾವನ ಬಂದೂಕಿನಂಗಡಿಗೆ ಹೋದೆ. ಯಾತಕ್ಕೆಂದು ಕೇಳಿದರು. “ಕರಡಿ ಕೊಲ್ಲಕ್ಕೆ” ಅಂದೆ. ಕೂತವರೆಲ್ಲ ಕಾಫಿ ಲೋಟ ಕೆಳಗಿಟ್ಟರು. “ಮೆಲ್ಲಗೆ ಹೇಳೇ ಮಾರಾಯ್ತಿ, ನಂದೂ ಒಂದು ಬಿಡಾರ ಇದೆ ಅಲ್ಲಿ!” ಎಂದು ಮಾವ ಗದರಿದರು. ನಾನು ಎಲ್ಲಕ್ಕಿಂತ ದೊಡ್ಡ ರಿವಾಲ್ವರನ್ನೇ ತೋರಿಸಿದೆ. “ಮೊದ್ಲು ನಿನ್ನ ತೋಳು ನೋಡ್ಕೋ” ಎಂದು ಹಿತ್ತಲಿಗೆ ಕರೆದೊಯ್ದು, ಊಟದ ಕಾಗದದ ತಟ್ಟೆಯೊಂದನ್ನು ಗುರಿಗೆಂದು ಬೇಲಿಗೆ ಸಿಕ್ಕಿಸಿದರು. ಹಗುರವಾದದ್ದು ಹೊರಲು ಸುಖ, ಹಾರಿಸಿದರೆ ಕತ್ತೆಯಂತೆ ಒದೆಯುತ್ತದೆ. ಕೊನೆಗೆ ನಲವತ್ನಾಲ್ಕು ಕ್ಯಾಲಿಬರಿನ ಉಕ್ಕಿನ ರಿವಾಲ್ವರ್ ಸಿಕ್ಕಿತು: ಗಿಡ್ಡ ನಳಿಗೆ, ರಬ್ಬರ್ ಹಿಡಿ, ಭಾರವಾದ ಗುಂಡು, ಒದೆತ ತಗ್ಗಲೆಂದು ಮದ್ದು ಮಾತ್ರ ಸ್ವಲ್ಪ ಕಡಿಮೆ. ಎರಡನೆಯ ಗುಂಡು ಮೊದಲನೆಯದರ ಬೆನ್ನಿಗೇ ಹೋಯಿತಣ್ಣಾ. ಎಲ್ಲವೂ ತಟ್ಟೆಯೊಳಗೆ! ಎದೆಯ ಮೇಲೆ ಕಟ್ಟಿಕೊಂಡು ಮೀನು ಹೆಚ್ಚಿ ನೋಡಿದೆ, ಕೈಗೆ ಅಡ್ಡಬರುವುದಿಲ್ಲ.

ಅವನೇ ಮೈಮೇಲೆ ಬಂದನೆಂದು ವನ್ಯಜೀವಿ ಅಧಿಕಾರಿಗೆ ಹೇಳಿದರೆ ಸಾಕು, ಅಂದರು ಕೆಲವರು. ನಾನೇ ಹುಡುಕಿಕೊಂಡು ಹೋಗಿ ಆ ಸುಳ್ಳು ಹೇಳಲಾರೆ. ಬೇಟೆಯ ಪರವಾನಗಿ ತೆಗೆದಿದ್ದೇನೆ.

ಬೆರಳುಗಳನ್ನು ದಿನವೂ ಮಡಿಸು, ಬಿಚ್ಚು. ನೋವಾದರೆ ಅವನನ್ನು ಬೈಯಿ, ನರ್ಸನ್ನಲ್ಲ.

ನಿನ್ನ ತಂಗಿ,
ಮತ್ರೋನಾ

ಅವಸರದಲ್ಲಿ ಇನ್ನೊಂದು: ಅಜ್ಜಿ ತಡೆಯುತ್ತಾಳೆಂದು ಸದ್ದಿಲ್ಲದೆ ದೋಣಿಗೆ ಸಾಮಾನು ತುಂಬಲು ಹೋದೆ. ಅವಳ ಕೆಟಲು, ಚರ್ಮ ಸುಲಿಯುವ ಕತ್ತಿ ಆಗಲೇ ಅಲ್ಲಿದ್ದವು. “ಇಷ್ಟು ಬಾಯಿ ಮಾಡಿದೀಯ, ಅವನಿಗೆ ಕೇಳಿಸೇ ಇರತ್ತೆ. ಇನ್ನು ಕಾಯ್ಸೋದು ಮರ್ಯಾದೆ ಅಲ್ಲ” ಅಂದಳು. ನಾಳೆ ಬೆಳಿಗ್ಗೆ ಹೊರಡುತ್ತೇವೆ.