ತಣ್ಣಗಾದ ರಾಶಿ

ಮಾರ್ಚ್ 4, ಸಂಜೆ

ಹಸಿಕಸದ ಲಾರಿ ಇವತ್ತೂ ತುಂಬಿಕೊಂಡೇ ಬಂತು. ಹಳಸಿದ ಅನ್ನ, ಕೊಳೆತ ಸಿಪ್ಪೆ, ನಡುವೆ ಮಡಚಿ ಗಂಟು ಹಾಕಿದ ಡಯಾಪರ್. ಬೇರ್ಪಡಿಸಿ ಕೊಡಿ ಎಂದು ನಗರಸಭೆ ಮನೆಮನೆಗೂ ಹಸಿರು ಬಕೆಟ್ ಹಂಚಿದೆ. ಜನ ಅದರಲ್ಲಿ ಬಟ್ಟೆ ನೆನೆಸುತ್ತಾರೆ.

ಆದರೂ ಗೊಬ್ಬರದ ರಾಶಿ ಚೆನ್ನಾಗಿದೆ. ದಿನಾ ಅದರ ಬಿಸಿ ನೋಡುವುದೇ ನನ್ನ ಕೆಲಸ. ಕೋಲು ಚುಚ್ಚಿ ತೆಗೆದರೆ ತುದಿ ಮುಟ್ಟಲಾಗದು. ಒಳಗೆ ಜೀವಾಣುಗಳು ದುಡಿಯುತ್ತಿವೆ. ಈ ಗೊಬ್ಬರದ ಯಾರ್ಡ್‌ನಲ್ಲಿ ದುಡಿಯುವುದು ಅವು ಮಾತ್ರ.

ಮನೆಗೆ ಬಂದು ಕಾದಂಬರಿ ತೆರೆದೆ. ಅನುವಾದ, ಹಿಮ ಬೀಳುವ ಊರು. ಪುಟ ತಿರುಗಿಸುವ ಬೆರಳಲ್ಲೇ ನಾತ. ಮುಚ್ಚಿಟ್ಟೆ.

ಮಾರ್ಚ್ 5

ಸೋಮವಾರ ತಪಾಸಣೆ. ಹಸಿಕಸ ಗೊಬ್ಬರವಾಗಲೇಬೇಕೆಂಬ ನಿಯಮ ಪಾಲಿಸುತ್ತಿದ್ದೇವೋ ಇಲ್ಲವೋ ನೋಡುತ್ತಾರೆ. ಫೇಲಾದರೆ ಯಾರ್ಡ್‌ಗೆ ಬೀಗ, ಕಸವೆಲ್ಲ ಮತ್ತೆ ಹಳೇ ಕಲ್ಲುಕ್ವಾರಿಗೆ. ಕ್ವಾರಿಯ ಎದುರೇ ಅಕ್ಕನ ಮನೆ. ಅವಳ ಮಗಳಿಗೆ ಉಬ್ಬಸ. ಹಿಂದೆ ಅಲ್ಲಿ ಕಸ ಸುರಿಯುತ್ತಿದ್ದಾಗ ಕಿಟಕಿ ತೆರೆದದ್ದೇ ಇಲ್ಲ.

"ಏನಾದ್ರೂ ಮಾಡಿ ಪಾಸ್ ಮಾಡ್ಸೇ ತಾಯಿ," ಅಂದಳು ಅಕ್ಕ ಫೋನಿನಲ್ಲಿ.

ಮಾರ್ಚ್ 8

ವಾಸನೆ ಬರಬಾರದೆಂದು ಮ್ಯಾನೇಜರ್ ರಾಶಿಗೆ ಫಿನಾಯಿಲ್ ಸುರಿಸಿದ್ದಾರೆ. ಕ್ಯಾನುಗಟ್ಟಲೆ!

"ಸರ್, ಒಳಗಿರೋ ಜೀವಾಣು ಎಲ್ಲ ಸಾಯುತ್ವೆ. ರಾಶಿನೇ ಸತ್ತುಹೋಗುತ್ತೆ."

"ಅದಕ್ಯಾಕೆ ಅಷ್ಟು ಸಂಕಟ? ಅದೇನು ನಿಮ್ಮತ್ತೇನಾ?"

ಎಲ್ಲರೂ ಹಲ್ಲು ಕಿರಿದರು. ಥೂ.

ಮಾರ್ಚ್ 10, ಬೆಳಿಗ್ಗೆ

ರಾಶಿ ತಣ್ಣಗಿದೆ. ಬಿಸಿಯಿಲ್ಲ ಎಂದರೆ ಗೊಬ್ಬರ ಆಗುತ್ತಿಲ್ಲ ಎಂದರ್ಥ — ತಪಾಸಣೆಯವರು ಥರ್ಮಾಮೀಟರ್ ಚುಚ್ಚಿಯೇ ನೋಡುವುದು. ಮ್ಯಾನೇಜರ್ ಕ್ಯಾಂಟೀನಿನಿಂದ ಹಂಡೆಗಳಲ್ಲಿ ಕುದಿಯುವ ನೀರು ತರಿಸಿದರು. ರಾಶಿಯ ಎಡಮೂಲೆಯಲ್ಲಿ ಗುಂಡಿ ತೋಡಿಸಿ ಹೊಯ್ಯಿಸಿದರು. ಫಿನಾಯಿಲ್, ಕೊಳೆ, ಡಯಾಪರ್ ಎಲ್ಲ ಒಟ್ಟಿಗೆ ಬೆಂದ ಹಬೆ. ಮೂಗು ಮುಚ್ಚಿಕೊಂಡು ಹಿಂದೆ ಸರಿದೆ.

"ನೋಡಿ, ನಿಮ್ಮತ್ತೆ ಉಸಿರಾಡ್ತಿದಾರೆ!"

ಅದೇ ದಿನ, ಸಂಜೆ

ತಪಾಸಣೆಗೆ ಬಂದವರು ವಯಸ್ಸಾದ ಹೆಂಗಸು. ಮೆತ್ತಗಿನ ಮಾತು. ಥರ್ಮಾಮೀಟರನ್ನು ನನ್ನ ಕೈಗೇ ಕೊಟ್ಟರು.

"ದಿನಾ ನೋಡೋಳು ನೀನಲ್ವೇನಮ್ಮ? ನಿಂಗೆ ಸರಿ ಅನ್ನಿಸಿದ ಕಡೆ ಚುಚ್ಚು."

ಬಲಗಡೆಯೇ ನಿಂತಿದ್ದೆ. ಕೈಯಳತೆಯಲ್ಲೇ, ತಣ್ಣಗೆ, ನಿಜವಾದ ರಾಶಿ. ಎಡಮೂಲೆಗೆ ನಡೆದು ಹೋದೆ. ಚುಚ್ಚಿದೆ. ಮುಳ್ಳು ಏರಿತು.

ಪಾಸು. ಮ್ಯಾನೇಜರ್ ಕೈ ಕುಲುಕಲು ಬಂದರು. ಕುಲುಕಿದೆ. ಈಗ ಯಾರ ಕೈಯ ನಾತ ಯಾರದೋ...

ಅಕ್ಕನ ಫೋನ್. ಅಳುತ್ತಲೇ ನಗು. "ಬದುಕಿದ್ವಿ ಕಣೇ! ಕಿಟಕಿ ಎಲ್ಲ ತೆಗೆದಿಟ್ಟಿದೀನಿ. ಚಿಕ್ಕಮ್ಮ ಮಾಡಿದ ಗೊಬ್ಬರನೇ ಬೇಕು ಅಂತ ಪಾಪು ಹಟ ಹಿಡಿದಿದಾಳೆ, ಅವಳ ಗುಲಾಬಿ ಕುಂಡಕ್ಕೆ. ಒಂದು ಚೀಲ ತಗೊಂಡು ಬಾರೇ."

ಹೂಂ ಅಂದೆ.

ಮೊನ್ನೆಯಷ್ಟೇ ಮೊಗ್ಗು ಬಿಟ್ಟಿದೆಯಂತೆ. ಈ ಫಿನಾಯಿಲ್ ಗೊಬ್ಬರ ಬಿದ್ದರೆ ಆ ಗಿಡ ಇನ್ನು—