ಹನ್ನೊಂದು ಗಂಟೆಯ ಫೋನು

5-1-2026, ಸೋಮವಾರ

ಹನ್ನೊಂದಕ್ಕೆ ಸರಿಯಾಗಿ ಫೋನು ಬಂತು. ರೆಕಾರ್ಡ್ ಮಾಡಿದ ಹೆಣ್ಣುದನಿ. ಅಕ್ಕಾ, ಇವತ್ತು ತಂಬಾಕು ನೆನಪಾಯಿತೇ? ಆಗಿದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು. ಎರಡು ಒತ್ತಿದೆ. ಖರೇನೇ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತರೆ ಆ ಘಾಟಿಗೆ ಬಾಯಿ ಬೇಡುತ್ತದೆ. ಇವತ್ತು ಬೇಡಲಿಲ್ಲ. ಖುಷಿ.

ಪೇಟೆಯ ಯಾರ್ಡಿನಲ್ಲಿ ಹಮಾಲರಿಗೆ ತಂಬಾಕು ಬಿಡಿಸುವ ಕ್ಯಾಂಪು ಎಷ್ಟೋ ಆದವು. ಸಿಗರೇಟು ಸೇದುವ ಗಂಡಸಿನ ಚಿತ್ರ, ಭಾಷಣ. ನಮ್ಮಂಥ ಹೆಂಗಸರನ್ನು ಯಾರೂ ಕೇಳಿರಲಿಲ್ಲ. ನಮ್ಮ ಮಹಿಳಾ ಸಂಘದ ಮೀಟಿಂಗಿಗೆ ಬಂದ ಕೌನ್ಸೆಲರ್ ಸುಶ್ಮಿತಾ ಮೇಡಂ ಮೊದಲು ಕೇಳಿದ್ದೇ, ಮನೆಯಲ್ಲಿ ಫೋನು ಯಾರ ಕೈಲಿರುತ್ತದೆ ಅಂತ. ಸೋಮವಾರ, ಗುರುವಾರ ನನ್ನ ಕೈಲಿ ಎಂದೆ. ಬ್ಯಾಡಗಿ ಪೇಟೆಯ ದಿನ. ಚೀಲ ಹೊರುವಾಗ ಜೇಬಿನಿಂದ ಬೀಳುತ್ತದೆಂದು ನಮ್ಮ ಯಜಮಾನರು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಹಾಗಾದರೆ ಆ ಎರಡು ದಿನ ಹನ್ನೊಂದಕ್ಕೆ ಎಂದು ಮೇಡಂ ಬರೆದುಕೊಂಡರು.

12-1, ಸೋಮವಾರ

ಅತ್ತೆಯವರ ಎಲೆಯಡಿಕೆ ಚೀಲ ಕಣ್ಣೆದುರಿಗೇ ಇತ್ತು. ನಾನು ಚಿಟಿಕೆ ತಂಬಾಕು ಕದಿಯುತ್ತಿದ್ದದ್ದು ಅದರಿಂದಲೇ... ಅವರು ತಿಂದರೆ ಯಾರೂ ಏನೂ ಅನ್ನುವುದಿಲ್ಲ, ವಯಸ್ಸಾಗಿದೆ. ನಾನು ತಿಂದರೆ ಓಣಿಯೆಲ್ಲ ಸುದ್ದಿ. ಇವರಿಗೆ ಗೊತ್ತಾದರಂತೂ — ಬೇಡ. ಗೊತ್ತಾಗುವುದರೊಳಗೆ ಬಿಟ್ಟುಬಿಡಬೇಕು.

15-1, ಗುರುವಾರ. ಸಂಕ್ರಾಂತಿ

ಕೆಟ್ಟೆ. ಹಬ್ಬಕ್ಕೆ ಪೇಟೆ ಬಂದ್ ಎನ್ನುವುದು ತಲೆಗೇ ಹೊಳೆದಿರಲಿಲ್ಲ. ಸಜ್ಜೆ ರೊಟ್ಟಿ ಬಡಿಯುತ್ತಿದ್ದೆ. ಹನ್ನೊಂದಕ್ಕೆ ರಿಂಗು. ಇವರೇ ಎತ್ತಿದರು, ಸ್ಪೀಕರ್ ಬೇರೆ. ಪೂರ್ತಿ ಕೇಳಿ, ಒಂದು ಒತ್ತಿ, ಒಳಗೆ ಬಂದರು.

"ದ್ರಾಕ್ಷಾಯಿಣಿ, ಗುಟ್ಕಾ ಬಿಡಸಾಕ ನನ್ನ ಹೆಸರು ಬರಸೀಯೇನು?"

ಹೂಂ ಅಂದುಬಿಟ್ಟೆ. "ಅಕ್ಕಾ" ಎಂದದ್ದು ಇವರ ಕಿವಿಗೇ ಬಿದ್ದಿಲ್ಲ. ಹೆಂಗಸೂ ತಿನ್ನಬಹುದು ಅಂತ ತಲೆಗೆ ಬಂದರೆ ತಾನೇ. ಒಂದು ರೊಟ್ಟಿ ಸುಟ್ಟಿತು.

16-1, ಶುಕ್ರವಾರ

ನಿನ್ನೆಯಿಂದ ಗುಟ್ಕಾ ಮುಟ್ಟಿಲ್ಲ ಇವರು. ಮುಖ ಗಂಟು, ಚಹದ ಮೇಲೆ ಚಹ. ನನ್ನ ಸಲುವಾಗಿ ಇಷ್ಟು ಒದ್ದಾಡುವವರಿಗೆ ಸುಳ್ಳು ಹೇಳಿ ಕೂತಿದ್ದೇನೆ. ಬಹಳ ಸಂಕಟ.

18-1, ರವಿವಾರ

ಹೇಳಿಬಿಟ್ಟೆ. ಯಾರ ಹೆಸರು ಬರೆಸಿದ್ದು, ಯಾಕೆ, ಎಲೆಯಡಿಕೆ ಚೀಲದ ವಿಷಯ, ಎಲ್ಲ. ಸಿಟ್ಟು ಬಂದಿತ್ತು, ಮುಖದಲ್ಲೇ ಕಂಡಿತು. ಕೈಯಲ್ಲಿದ್ದ ಚಹದ ಲೋಟ ಕೆಳಗಿಟ್ಟರು. ಆಮೇಲೆ —

"ತಂಬಾಕ ನಾನ ಕದೀತೇನಂತ ಅವ್ವ ನನಗ ಬೈಯಾಕತ್ತಾಳ. ಇಷ್ಟ ದಿನ ನಿನಗ ಬೀಳೋ ಬೈಗಳಾ ನಾ ತಿಂದೇನಿ."

ನಗುತ್ತಲೇ ಅಳು ಬಂತು. ಇವರೂ ನಕ್ಕರು. ಎದೆ ಹಗುರಾಯಿತು.

ಸುಶ್ಮಿತಾ ಮೇಡಂಗೆ ಹೇಳಿ ವೇಳೆ ಬದಲಿಸಿದೆ. ಇನ್ನು ಸಂಜೆ ಆರಕ್ಕೆ. ಇವರ ಹೆಸರೂ ಸೇರಿಸಿ ಎಂದೆ. ಇದು ಹೆಂಗಸರಿಗೇ ಇರುವುದು, ಗಂಡಸರ ಹೆಸರು ಬರೆದುಕೊಳ್ಳುವುದಿಲ್ಲವಂತೆ. ಅವರು ಪಕ್ಕದಲ್ಲಿ ಕೂತು ಕೇಳಿದರೆ ಅಡ್ಡಿಯಿಲ್ಲ, ಅದೂ ನಿಮ್ಮ ಮನಸ್ಸಿಗೆ ಬಂದರೆ ಮಾತ್ರ ಎಂದರು. ಬಂದಿದೆ.

19-1, ಸೋಮವಾರ

ಯಾರ್ಡಿನಿಂದ ಓಡಿಕೊಂಡೇ ಬಂದರು. ಮೈಯೆಲ್ಲ ಮೆಣಸಿನಕಾಯಿ ಧೂಳು, ನನಗೆ ಸೀನು. ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಆರಕ್ಕೆ ರಿಂಗು. ನೆನಪಾಯಿತೇ? ಎರಡು ಒತ್ತಲು ಹೋದೆ — ಇವರ ಮುಂದೆ ಜಂಬ. ಕೈ ಹಿಡಿದರು.

"ಖರೇ ಹೇಳ."

ಮಧ್ಯಾಹ್ನ ನೆನಪಾಗಿತ್ತು. ಬಹಳ. ಒಂದು ಒತ್ತಿದೆ. ದನಿ ಬೈಯಲಿಲ್ಲ. ಇರಲಿ ಅಕ್ಕಾ, ಈಗ ನಿಮ್ಮ ಜೊತೆಗೆ ಯಾರಾದರೂ ಇದ್ದಾರೆಯೇ, ಇದ್ದರೆ ಒಂದು...

ನಾನು ಬೆರಳು ಎತ್ತುವ ಮೊದಲೇ ಇವರು ಒಂದು ಒತ್ತಿದರು.